ಪ್ರಬಂಧಗಳ ಪಟ್ಟಿ ಪುಟಗಟ್ಟಲೆ ಇದೆ. ಅಪ್ಪನ ಚಿಕಿತ್ಸೆಗೆ ಅದರಲ್ಲಿ ಏನಿದೆ?

ಧಾರವಾಡದ ಓದುಗರೊಬ್ಬರ ಪ್ರಶ್ನೆ:

"ನನ್ನ ತಂದೆಯವರಿಗೆ 64 ವರ್ಷ. ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಕುತ್ತಿಗೆಯಲ್ಲಿ ಮತ್ತು ಕಂಕುಳಲ್ಲಿ ಎರಡು ಸೆಂಟಿಮೀಟರಿನಷ್ಟು ಗಂಟುಗಳಾಗಿವೆ. ಮೊದಲು ಸೂಜಿ ಚುಚ್ಚಿ ಮಾದರಿ ತೆಗೆದು ಫ್ಲೋ ಸೈಟೋಮೆಟ್ರಿ (ಕೋಶಗಳ ಮೇಲಿನ ಗುರುತುಗಳನ್ನು ಯಂತ್ರದಲ್ಲಿ ನೋಡುವ ಪರೀಕ್ಷೆ) ಮಾಡಿದರು. ಆ ವರದಿಯಲ್ಲಿ 'ಸಿಡಿ10 ಎಂಬ ಗುರುತು ಇರುವ ಬಿ-ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ರೋಗ' ಎಂದಷ್ಟೇ ಇತ್ತು. ಆಮೇಲೆ ಒಂದು ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿ ಮಾಡಿ, ಫಾಲಿಕ್ಯುಲರ್ ಲಿಂಫೋಮಾ (ದುಗ್ಧಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್), ಗ್ರೇಡ್ 1-2, ಮೂರನೆಯ ಹಂತ ಎಂದಿದ್ದಾರೆ. ಅಪ್ಪನಿಗೆ ಜ್ವರವಿಲ್ಲ, ತೂಕ ಇಳಿದಿಲ್ಲ, ದಿನಾ ಬೆಳಿಗ್ಗೆ ನಡೆಯಲು ಹೋಗುತ್ತಾರೆ. ಹುಬ್ಬಳ್ಳಿಯ ವೈದ್ಯರು 'ಈಗ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ' ಎನ್ನುತ್ತಾರೆ. ಕ್ಯಾನ್ಸರ್ ಎಂದ ಮೇಲೆ ಸುಮ್ಮನೆ ಕೂರುವುದು ಹೇಗೆ? ಕ್ಯಾಲಿಫೋರ್ನಿಯಾದಲ್ಲಿರುವ ನನ್ನಣ್ಣ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಾ. ರೊನಾಲ್ಡ್ ಲೆವಿಯವರ ಪ್ರಬಂಧಗಳ ಪಟ್ಟಿ ಕಳಿಸಿದ್ದಾನೆ. ಪುಟಗಟ್ಟಲೆ ಇದೆ, ಎಲ್ಲವೂ ಜೀವಕೋಶ ವಿಶ್ಲೇಷಣೆ ಮತ್ತು ಲಿಂಫೋಮಾ ಕುರಿತದ್ದೇ. ಅವರ ಚುಚ್ಚುಮದ್ದಿನಿಂದ ನೂರಕ್ಕೆ 97ರಷ್ಟು ಕ್ಯಾನ್ಸರ್ ವಾಸಿಯಾಯಿತು ಎಂಬ ವಾಟ್ಸ್‌ಆ್ಯಪ್ ಸಂದೇಶವೂ ನಮಗೆ ಬಂದಿದೆ. ನಮ್ಮ ವೈದ್ಯರ ಹೆಸರಿನಲ್ಲಿ ಹುಡುಕಿದರೆ ಎರಡೋ ಮೂರೋ ಪ್ರಬಂಧಗಳು ಸಿಗುತ್ತವೆ. ಮನೆ ಅಡವಿಟ್ಟಾದರೂ ಅಪ್ಪನನ್ನು ಅಲ್ಲಿಗೆ ಕರೆದೊಯ್ಯಬೇಕೇ? ಮೊಮ್ಮಗಳನ್ನು ನೋಡುವ ಆಸೆಯಂತೂ ಅವರಿಗೆ ಇದ್ದೇ ಇದೆ."

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಕಾಯಿಲೆ ಇದೆ ಎಂದು ಗೊತ್ತಾದ ಮೇಲೂ ಔಷಧಿ ಕೊಡದಿರುವುದು ಅಲಕ್ಷ್ಯವೇ ಎಂಬುದು ಒಂದು; ಹೆಚ್ಚು ಪ್ರಬಂಧ ಬರೆದವರ ಬಳಿಗೆ ಹೋದರೆ ಹೆಚ್ಚು ಒಳ್ಳೆಯ ಚಿಕಿತ್ಸೆ ಸಿಗುತ್ತದೆಯೇ ಎಂಬುದು ಇನ್ನೊಂದು. ಮನೆ ಅಡವಿಡುವ ಮಾತು ಬಂದಿರುವುದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನೀವು ಬರೆದಿರುವ ವಿವರಗಳು ಸರಿಯಾಗಿದ್ದರೆ ಈಗ ಅದರ ಅಗತ್ಯ ಕಾಣುವುದಿಲ್ಲ. ಆದರೆ ನೀವು ಮಾಡಿಸಬೇಕಾದ ಕೆಲಸವೊಂದಿದೆ, ಅದು ನಿಮ್ಮ ಪತ್ರದಲ್ಲಿ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪಟ್ಟಿಯ ವಿಚಾರ. ನಾನು ವೃತ್ತಿಯಿಂದ ರಕ್ತ ಮತ್ತು ದುಗ್ಧಗ್ರಂಥಿಗಳ ರೋಗಶಾಸ್ತ್ರಜ್ಞ. ಸ್ಲೈಡ್ ನೋಡಿ, ಫ್ಲೋ ಸೈಟೋಮೆಟ್ರಿ ಓದಿ ವರದಿ ಬರೆಯುವುದು ನನ್ನ ದಿನದ ಕೆಲಸ. ಆದ್ದರಿಂದ ಇಂಥ ಪಟ್ಟಿಗಳನ್ನು ನಾನೂ ಆಗಾಗ ನೋಡುತ್ತಿರುತ್ತೇನೆ. ಹೆಸರಿನಿಂದ ಹುಡುಕಿದಾಗ ಬರುವ ಪಟ್ಟಿಯೆಲ್ಲ ಒಬ್ಬರದೇ ಎಂದು ನಂಬುವಂತಿಲ್ಲ. ನಮ್ಮಲ್ಲಿ 'ಮಂಜುನಾಥ ಎಸ್.' ಎಂದು ಹುಡುಕಿದರೆ ಎಷ್ಟು ಮಂದಿ ಸಿಕ್ಕಾರೋ, 'ಲೆವಿ ಆರ್.' ಎಂದರೆ ಅಲ್ಲಿಯೂ ಅಷ್ಟೇ ಮಂದಿ ಸಿಗುತ್ತಾರೆ. ಹೃದ್ರೋಗದವರು, ದಂತವೈದ್ಯರು ಎಲ್ಲರೂ ಸೇರಿಕೊಂಡಿರುತ್ತಾರೆ. ಈ ಗೊಂದಲ ತಪ್ಪಿಸಲೆಂದೇ 2012ರಲ್ಲಿ ಓರ್ಸಿಡ್ ಎಂಬ, ಪ್ರತಿ ಸಂಶೋಧಕರಿಗೂ ಒಂದು ಗುರುತಿನ ಸಂಖ್ಯೆ ಕೊಡುವ ವ್ಯವಸ್ಥೆ ಬಂತು. ಪಟ್ಟಿಯ ಪಕ್ಕದಲ್ಲಿ ಕಾಣುವ ಎಚ್-ಸೂಚ್ಯಂಕ 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಸೂಚಿಸಿದ ಲೆಕ್ಕ: ಒಬ್ಬರ 40 ಪ್ರಬಂಧಗಳನ್ನು ತಲಾ ಕನಿಷ್ಠ 40 ಬಾರಿ ಬೇರೆಯವರು ಉಲ್ಲೇಖಿಸಿದ್ದರೆ ಅವರ ಸೂಚ್ಯಂಕ 40. ಅದರಿಂದ ಸಹೋದ್ಯೋಗಿಗಳು ಅವರನ್ನು ಎಷ್ಟು ಓದಿದ್ದಾರೆಂದು ತಿಳಿಯುತ್ತದೆ. ಎಷ್ಟು ರೋಗಿಗಳು ಗುಣವಾದರು ಎಂಬುದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಲೆವಿಯವರ ಪಟ್ಟಿ ಅಂಥ ಜೊಳ್ಳು ಪಟ್ಟಿಯಲ್ಲ. ಲಿಂಫೋಮಾ ಚಿಕಿತ್ಸೆಯನ್ನೇ ಬದಲಿಸಿದವರಲ್ಲಿ ಅವರೊಬ್ಬರು. ಆದರೆ ಅದರ ಉದ್ದವನ್ನು ಬದಿಗಿಟ್ಟು, ಒಂದೊಂದು ಪ್ರಬಂಧವೂ ಯಾವ ಮೆಟ್ಟಿಲಿನ ಮೇಲೆ ನಿಂತಿದೆ ಎಂದು ನೋಡಬೇಕು: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳೇ, ಇಲಿಗಳೇ, ಬೆರಳೆಣಿಕೆಯ ರೋಗಿಗಳೇ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿದ ನೂರಾರು ರೋಗಿಗಳೇ? ಅವರದೇ ಐದು ಪ್ರಬಂಧಗಳನ್ನು ತೆಗೆದುಕೊಂಡು ತೋರಿಸುತ್ತೇನೆ.

1975ರಲ್ಲಿ ಕೇಂಬ್ರಿಜ್‌ನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು, ಅಂದರೆ ನಿರ್ದಿಷ್ಟ ಗುರುತೊಂದನ್ನು ಹಿಡಿಯುವ ಪ್ರೋಟೀನನ್ನು, ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಬಿ-ಕೋಶದ ಕ್ಯಾನ್ಸರ್ ಒಂದೇ ಕೋಶದ ಸಂತತಿಯಾದ್ದರಿಂದ, ಆ ಎಲ್ಲ ಕೋಶಗಳ ಮೈಮೇಲೂ ಒಂದೇ ಗುರುತಿನ ಅಣು ಇರುತ್ತದೆ. ಆ ಗುರುತನ್ನೇ ಹಿಡಿಯುವ ಪ್ರತಿಕಾಯವನ್ನು ಒಬ್ಬ ರೋಗಿಗಾಗಿಯೇ ತಯಾರಿಸಿ ಕೊಟ್ಟಾಗ ಅವರ ಗಡ್ಡೆಗಳು ಕರಗಿದ ವರದಿಯನ್ನು ಲೆವಿಯವರ ತಂಡ 1982ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿತು. ಪ್ರಸಿದ್ಧ ಪ್ರಬಂಧ ಅದು. ಆದರೆ ರೋಗಿ ಒಬ್ಬರೇ. ಪ್ರತಿಯೊಬ್ಬರ ಅಳತೆಗೂ ಬೇರೆ ಅಂಗಿ ಹೊಲಿದಂತೆ ಪ್ರತಿ ರೋಗಿಗೂ ಬೇರೆ ಪ್ರತಿಕಾಯ ತಯಾರಿಸುವುದು ಆಸ್ಪತ್ರೆಗಳಲ್ಲಿ ನಡೆಯುವ ಮಾತಾಗಿರಲಿಲ್ಲ. ಹಾಗಾಗಿ ಬಹುತೇಕ ಎಲ್ಲ ಬಿ-ಕೋಶಗಳ ಮೇಲೂ ಇರುವ ಸಿಡಿ20 ಎಂಬ ಗುರುತಿನತ್ತ ಗಮನ ಹರಿಯಿತು, ಅದರಿಂದ ರಿಟುಕ್ಸಿಮ್ಯಾಬ್ ಎಂಬ ಔಷಧಿ ಬಂತು. 1998ರಲ್ಲಿ ಪ್ರಕಟವಾದ ಅದರ ಮುಖ್ಯ ಪರೀಕ್ಷೆಯಲ್ಲಿ 166 ರೋಗಿಗಳಿದ್ದರು, ಶೇಕಡ 48 ಮಂದಿಯಲ್ಲಿ ಗಡ್ಡೆ ಅರ್ಧದಷ್ಟಾದರೂ ಕುಗ್ಗಿತು ಅಥವಾ ಮಾಯವಾಯಿತು. ಆ ಪ್ರಬಂಧದಲ್ಲಿ ಲೆವಿಯವರ ಹೆಸರು ನಾಲ್ಕನೆಯದು. ವೈದ್ಯಕೀಯ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕೆಲಸದ ಬಹುಭಾಗ ಮಾಡಿದವರ ಹೆಸರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರದು ಕೊನೆಗೆ ಬರುತ್ತದೆ; ನಡುವಿನವರು ತಮ್ಮ ಪಾಲಿನ ಕೈಜೋಡಿಸಿದವರು. ಲೆವಿಯವರಿಗೆ ಹೆಚ್ಚು ಕೀರ್ತಿ ತಂದದ್ದು 1982ರ ಕೆಲಸ. ನಿಮ್ಮ ತಂದೆಯವರಿಗೆ ಮುಂದೊಂದು ದಿನ ನೇರವಾಗಿ ಉಪಯೋಗವಾಗಬಹುದಾದದ್ದು ಅವರ ಹೆಸರು ನಡುವೆ ಇರುವ ಈ 1998ರ ಕೆಲಸ. ಆ ಔಷಧಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾತ್ರ ಸಿಗುವಂಥದ್ದೂ ಅಲ್ಲ. ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ 2007ರಲ್ಲೇ ಅದರ ಜೈವಿಕ ಸಮರೂಪವನ್ನು (ಹೆಚ್ಚೂಕಡಿಮೆ ಅದರಂತೆಯೇ ಇರುವ ಔಷಧಿಯನ್ನು) ಮಾರುಕಟ್ಟೆಗೆ ತಂದಿತು, ಈಗ ಹುಬ್ಬಳ್ಳಿಯಂಥ ಊರುಗಳಲ್ಲೂ ಕೊಡುತ್ತಾರೆ.

ಜೀವಕೋಶ ವಿಶ್ಲೇಷಣೆಯ ಪ್ರಬಂಧಗಳಲ್ಲಿ 2010ರದ್ದು ನನ್ನಂಥವರಿಗೆ ಬಹಳ ರುಚಿಸುವಂಥದ್ದು. ಫಾಲಿಕ್ಯುಲರ್ ಲಿಂಫೋಮಾದ ಒಂದೊಂದು ಕೋಶಕ್ಕೂ ಹೊರಗಿನಿಂದ ಪ್ರಚೋದನೆ ಕೊಟ್ಟು, ಒಳಗೆ ಸಂಕೇತ ಹರಿಯುತ್ತದೆಯೇ ಎಂದು ಫ್ಲೋ ಸೈಟೋಮೆಟ್ರಿಯಿಂದ ಅಳೆದರು. ಗಂಟಿನೊಳಗೆ ಸಂಕೇತಕ್ಕೆ ಓಗೊಡದ ಕೋಶಗಳ ಗುಂಪೊಂದು ಕಂಡಿತು. ಅಂಥ ಕೋಶಗಳು ಹೆಚ್ಚಿದ್ದ ರೋಗಿಗಳ ಆಯುಷ್ಯ ಕಡಿಮೆಯಿತ್ತು. ಒಂದೇ ಗಂಟಿನೊಳಗಿನ ಕೋಶಗಳೆಲ್ಲ ಒಂದೇ ಸ್ವಭಾವದವಲ್ಲ ಎಂಬ ಈ ತಿಳಿವಳಿಕೆ ದೊಡ್ಡದು. ಆದರೂ ಈ ಅಳತೆ ದಿನನಿತ್ಯದ ವರದಿಗಳಿಗೆ ಬಂದಿಲ್ಲ. ಅದನ್ನು ಮಾಡಿಸಿಲ್ಲ ಎಂದು ನಿಮ್ಮ ವೈದ್ಯರನ್ನು ದೂರುವಂತಿಲ್ಲ.

ಇನ್ನು 2014ರ ಪ್ರಬಂಧ. ನಿಮ್ಮಣ್ಣ ಇದನ್ನು ಗಮನಿಸಿರಲಾರರು, ಏಕೆಂದರೆ ಇದು ಸೋಲಿನ ವರದಿ. ರೋಗಿಯ ಗಡ್ಡೆಯ ಗುರುತನ್ನೇ ಲಸಿಕೆಯಾಗಿ ಕೊಟ್ಟರೆ ದೇಹವೇ ಪ್ರತಿಕಾಯ ತಯಾರಿಸಿಕೊಳ್ಳಬಹುದೆಂಬ ಆಸೆಯಿಂದ ಹಲವು ವರ್ಷ ಕೆಲಸ ನಡೆಯಿತು. ಮೊದಲ ಚಿಕ್ಕ ಪರೀಕ್ಷೆಗಳು ಭರವಸೆ ಮೂಡಿಸಿದವು. ಫಾಲಿಕ್ಯುಲರ್ ಲಿಂಫೋಮಾ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಮಾತ್ರ, ರೋಗ ಮರಳುವ ಅವಧಿಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಪ್ರಬಂಧದ ಮೊದಲ ಹೆಸರು ಲೆವಿಯವರದೇ. ತಮ್ಮ ಬಹುಕಾಲದ ಕನಸು ಕೈಗೂಡಲಿಲ್ಲವೆಂದು ತಮ್ಮ ಹೆಸರಿನಲ್ಲೇ ಪ್ರಕಟಿಸುವುದು ಸಣ್ಣ ಮಾತಲ್ಲ. ಒಬ್ಬ ಸಂಶೋಧಕರ ಮೇಲೆ ನಂಬಿಕೆ ಇಡಬಹುದೇ ಎಂದು ನೋಡುವಾಗ, ಅವರ ಪಟ್ಟಿಯಲ್ಲಿ ಇಂಥ ಪ್ರಬಂಧ ಒಂದಾದರೂ ಇದೆಯೇ ಎಂದು ನಾನು ಹುಡುಕುತ್ತೇನೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಸೋಲದ ಪಟ್ಟಿ ಕಂಡರೆ ನನಗೆ ಅನುಮಾನವೇ ಮೊದಲು ಬರುವುದು.

ವಾಟ್ಸ್‌ಆ್ಯಪ್‌ನ ಶೇಕಡ 97ರ ಮೂಲ 2018ರ ಪ್ರಬಂಧ. ಗಡ್ಡೆಯೊಳಕ್ಕೇ ಎರಡು ಔಷಧಿಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಚುಚ್ಚಿ ಅಲ್ಲಿನ ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ವಿಧಾನ ಅದು. ಲಿಂಫೋಮಾ ಗಡ್ಡೆಗಳನ್ನು ಎರಡು ಕಡೆ ಬೆಳೆಸಿ ಒಂದಕ್ಕೆ ಮಾತ್ರ ಚುಚ್ಚಿದರೂ ಎರಡೂ ಕರಗಿದವು; 90ರಲ್ಲಿ 87 ವಾಸಿಯಾದವು. ವಾಸಿಯಾದದ್ದು ಇಲಿಗಳು. ಸಂದೇಶವನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ ಇಲಿಗಳು ಯಾವುದೋ ಹಂತದಲ್ಲಿ ಉದುರಿಹೋಗಿವೆ. ಪ್ರಯೋಗಾಲಯದ ಇಲಿಗಳು ಒಂದೇ ತಳಿಯವು, ಅವುಗಳಿಗೆ ಕಸಿ ಮಾಡಿದ ಕ್ಯಾನ್ಸರ್ ಕೋಶಗಳು ಒಂದೇ ಮೂಲದವು, ಗಡ್ಡೆಯ ವಯಸ್ಸು ಕೆಲವೇ ದಿನ. ನಿಮ್ಮ ತಂದೆಯವರ ಗಂಟು ಬಹುಶಃ ವರ್ಷಗಳ ಕಾಲ ಅವರದೇ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸಿ ಬೆಳೆದದ್ದು. ಇದೇ ದಾರಿಯ ಹಿಂದಿನ ರೂಪವೊಂದನ್ನು, ಅಂದರೆ ಒಂದು ಔಷಧಿ ಮತ್ತು ಅಲ್ಪ ಪ್ರಮಾಣದ ವಿಕಿರಣವನ್ನು, ಲೆವಿಯವರ ತಂಡ ಮನುಷ್ಯರಲ್ಲಿ ಪ್ರಯತ್ನಿಸಿ 2010ರಲ್ಲಿ ಪ್ರಕಟಿಸಿತ್ತು: 15 ರೋಗಿಗಳಲ್ಲಿ ಒಬ್ಬರ ಗಡ್ಡೆಗಳು ಪೂರ್ತಿ ಹೋದವು, ಮೂವರಲ್ಲಿ ಭಾಗಶಃ ಕುಗ್ಗಿದವು. ವಿಧಾನ ಪೂರ್ತಿ ಒಂದೇ ಅಲ್ಲವಾದ್ದರಿಂದ ನೇರ ಹೋಲಿಕೆ ಸಲ್ಲದು. ಆದರೂ ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನಿಮ್ಮಣ್ಣನಿಗೆ ಕಳಿಸಿ.

ಈಗ ಸುಮ್ಮನೆ ಕೂರುವ ಮಾತು. ಕ್ಯಾನ್ಸರ್ ಎಂದರೆ ಇಂದೇ ಚಿಕಿತ್ಸೆ ಆರಂಭವಾಗಬೇಕು ಎಂಬುದು ಹೆಚ್ಚಿನ ಕ್ಯಾನ್ಸರ್‌ಗಳ ಮಟ್ಟಿಗೆ ನಿಜ, ವೇಗವಾಗಿ ಬೆಳೆಯುವ ಲಿಂಫೋಮಾಗಳ ಮಟ್ಟಿಗಂತೂ ಪೂರ್ತಿ ನಿಜ. ಆದರೆ ಫಾಲಿಕ್ಯುಲರ್ ಲಿಂಫೋಮಾ ನಿಧಾನವಾಗಿ ಹೋಗುವ ಕಾಯಿಲೆ. ವ್ಯಾಪಿಸಿದ ಹಂತದಲ್ಲಿ ಅದನ್ನು ಬೇರುಸಹಿತ ಕಿತ್ತೆವೆಂದು ಹೇಳುವುದು ಕಷ್ಟ, ಹತ್ತಾರು ವರ್ಷ ಅದರ ಜೊತೆಗೆ ಬಾಳುವುದು ಸಾಧ್ಯ. ಹೀಗೆ ಕಾಯುವ ಪದ್ಧತಿಗೆ ತಳಹದಿ ಹಾಕಿದ ಪ್ರಮುಖ ಅಧ್ಯಯನಗಳಲ್ಲೊಂದು ಬಂದದ್ದು ಎಲ್ಲಿಂದ ಗೊತ್ತೇ? ಸ್ಟ್ಯಾನ್‌ಫರ್ಡ್‌ನಿಂದಲೇ. ಅಲ್ಲಿನ ಹಾರ್ನಿಂಗ್ ಮತ್ತು ರೋಸೆನ್‌ಬರ್ಗ್ 1984ರಲ್ಲಿ, ಆರಂಭದಲ್ಲಿ ಚಿಕಿತ್ಸೆ ಪಡೆಯದ 83 ರೋಗಿಗಳ ಕಥೆ ಪ್ರಕಟಿಸಿದರು. ಅವರಲ್ಲಿ 19 ಮಂದಿಯ ಗಂಟುಗಳು ಯಾವ ಔಷಧಿಯೂ ಇಲ್ಲದೆ ತಾವಾಗಿಯೇ ಕುಗ್ಗಿದ್ದವು. ನಿಮ್ಮ ಹುಬ್ಬಳ್ಳಿಯ ವೈದ್ಯರು ಹೇಳುತ್ತಿರುವುದು, ನೀವು ಸಾಲ ಮಾಡಿ ಕೇಳಲು ಹೊರಟಿರುವ ಊರಿನದೇ ಮಾತು.

ಆ 19ರ ಲೆಕ್ಕವನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ನಾಲ್ವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ತಾನಾಗಿಯೇ ಇಳಿಯುವ ಕಾಯಿಲೆಗೆ ಯಾರು ಏನು ಕೊಟ್ಟರೂ ಕೆಲವರಲ್ಲಿ 'ಗುಣ' ಕಾಣುತ್ತದೆ. ಬೇರು, ಕಷಾಯ, ಪುಡಿಗಳಿಂದ ಗಂಟು ಕರಗಿತೆಂದು ಆಣೆ ಮಾಡಿ ಹೇಳುವವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಗಂಟು ನಿಜವಾಗಿ ಇಳಿದಿರಬಹುದು, ಪುಡಿಯಿಂದ ಇಳಿದದ್ದಲ್ಲ ಅಷ್ಟೇ. ಹತ್ತು ಹದಿನೈದು ರೋಗಿಗಳ, ಹೋಲಿಕೆಯ ಗುಂಪಿಲ್ಲದ ಪ್ರಬಂಧಗಳನ್ನು ಲಿಂಫೋಮಾ ತಜ್ಞರು ಹಗುರಾಗಿ ನಂಬದಿರುವುದಕ್ಕೂ ಇದೇ ಕಾರಣ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ 'ಅಂತರರಾಷ್ಟ್ರೀಯ' ಜರ್ನಲ್‌ಗಳ ವಿಚಾರವನ್ನು ಇಲ್ಲಿ ಎತ್ತುವುದೇ ಬೇಡ.

ಕಾಯುವುದರಿಂದ ಆಯುಷ್ಯ ಕಡಿಮೆಯಾಗುತ್ತದೆಯೇ ಎಂಬುದನ್ನು ಬ್ರಿಟನ್ನಿನಲ್ಲಿ 309 ರೋಗಿಗಳಲ್ಲಿ ನೇರವಾಗಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ತಕ್ಷಣ ಕೀಮೋ ಮಾತ್ರೆ ಪಡೆದವರೂ ಕಾದವರೂ ಸರಿಸುಮಾರು ಅಷ್ಟೇ ಕಾಲ ಬದುಕಿದರು. ಕಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹತ್ತು ವರ್ಷವಾದರೂ ಕೀಮೋ ಬೇಕಾಗಲಿಲ್ಲ. ಅದು ರಿಟುಕ್ಸಿಮ್ಯಾಬ್‌ಗಿಂತ ಹಿಂದಿನ ಕಾಲದ ಪರೀಕ್ಷೆ ಎಂದು ನೀವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ರಿಟುಕ್ಸಿಮ್ಯಾಬ್ ಒಂದನ್ನೇ ಕೊಟ್ಟು ಹೋಲಿಸಿದ ಫಲಿತಾಂಶ 2014ರಲ್ಲಿ ಬಂತು: ಮೂರು ವರ್ಷದ ಹೊತ್ತಿಗೆ ಮುಂದಿನ ಚಿಕಿತ್ಸೆ ಬೇಕಾಗದೆ ಉಳಿದವರು ಕಾದವರಲ್ಲಿ ಶೇಕಡ 46, ಔಷಧಿಯನ್ನು ದೀರ್ಘಕಾಲ ಪಡೆದವರಲ್ಲಿ ಶೇಕಡ 88. ಬದುಕುಳಿದವರ ಲೆಕ್ಕದಲ್ಲಿ ಮಾತ್ರ ಗಣನೀಯ ವ್ಯತ್ಯಾಸವಿರಲಿಲ್ಲ. ಆದ್ದರಿಂದ 'ಏನೂ ಮಾಡುತ್ತಿಲ್ಲ' ಎಂಬ ಚಿಂತೆ ನಿಮ್ಮ ತಂದೆಯವರ ನಿದ್ದೆಗೆಡಿಸುತ್ತಿದ್ದರೆ ರಿಟುಕ್ಸಿಮ್ಯಾಬ್ ಮಾತ್ರ ಪಡೆಯುವುದೂ ಒಪ್ಪಬಹುದಾದ ದಾರಿಯೇ. ಅದಕ್ಕೆ ಖರ್ಚಿದೆ, ಮೊದಲ ಬಾರಿ ಹನಿಸುವಾಗ ಚಳಿ ಜ್ವರ, ರಕ್ತದೊತ್ತಡ ಇಳಿಯುವುದು ಇರುತ್ತದೆ, ಆಮೇಲೆ ಸೋಂಕಿನ ಭಯ ಸ್ವಲ್ಪ ಹೆಚ್ಚು. ಆರಂಭಿಸುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು, ಏಕೆಂದರೆ ಮಲಗಿದ್ದ ಆ ವೈರಸ್ಸು ಈ ಔಷಧಿಯಿಂದ ಎದ್ದು ಯಕೃತ್ತನ್ನು ಹಾಳುಮಾಡಿ ಪ್ರಾಣಕ್ಕೇ ಕುತ್ತು ತರಬಹುದು. ಈಗಲೇ ಪೂರ್ತಿ ಕೀಮೋ ಕೊಡುವುದಕ್ಕೆ ನೀವು ಬರೆದ ವಿವರಗಳಲ್ಲಿ ಕಾರಣ ಕಾಣುವುದಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಕೆಲಸದಿಂದ ಹುಟ್ಟಿ 2023ರಲ್ಲಿ ಒಪ್ಪಿಗೆ ಪಡೆದ ಕಾರ್-ಟಿ ಚಿಕಿತ್ಸೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವುದು), ಬೇರೆ ಔಷಧಿಗಳಿಗೆ ಬಗ್ಗದೆ ಮರಳಿದ ರೋಗಕ್ಕಾಗಿ ಇರುವಂಥದ್ದು. ಅದು ಈಗ ನಿಮ್ಮ ಪ್ರಶ್ನೆಯಲ್ಲ.

ಮೇಲೆ ಹೇಳಿದ್ದೆಲ್ಲ ನಿಂತಿರುವುದು ಒಂದು ಹಾಳೆಯ ಮೇಲೆ: ಬಯಾಪ್ಸಿ ವರದಿ. ನೀವು ಮಾಡಿಸಬೇಕಾದ ಕೆಲಸ ಎಂದೆನಲ್ಲ, ಅದು ಇಲ್ಲಿದೆ. ನಿಮ್ಮ ಎರಡು ವರದಿಗಳು ಬೇರೆ ಬೇರೆ ಮಾತಾಡುತ್ತಿರುವುದು ವಿರೋಧವಲ್ಲ. ಫ್ಲೋ ಸೈಟೋಮೆಟ್ರಿಯಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿಸಿ, ಬಣ್ಣ ಹೊಮ್ಮಿಸುವ ಪ್ರತಿಕಾಯಗಳನ್ನು ಅಂಟಿಸಿ, ಲೇಸರ್ ಕಿರಣದ ಮುಂದೆ ಒಂದೊಂದಾಗಿ ಸಾಲಾಗಿ ಹಾಯಿಸುತ್ತಾರೆ. ಬಿ-ಕೋಶ ಪ್ರತಿಯೊಂದೂ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಎರಡರಲ್ಲಿ ಒಂದು ಗುರುತು ಹೊತ್ತಿರುತ್ತದೆ; ಆರೋಗ್ಯವಂತ ಗ್ರಂಥಿಯಲ್ಲಿ ಎರಡೂ ಬೆರೆತಿರುತ್ತವೆ, ಎಲ್ಲವೂ ಒಂದೇ ಗುರುತಿನವಾಗಿದ್ದರೆ ಒಂದೇ ಕೋಶದ ಸಂತಾನವೆಂದು ಅನುಮಾನಿಸುತ್ತೇವೆ. ಸಾವಿರಾರು ಕೋಶಗಳನ್ನು ಕ್ಷಣಗಳಲ್ಲಿ ಎಣಿಸುವ ಈ ಯಂತ್ರಕ್ಕೆ ಗಂಟಿನ ರಚನೆ ಮಾತ್ರ ಕಾಣುವುದಿಲ್ಲ. ಮನೆ ಕೆಡವಿ ಇಟ್ಟಿಗೆ ಎಣಿಸಿದಂತೆ ಅದು. ಸಿಡಿ10 ಇರುವ ಬಿ-ಕೋಶಗಳು ಫಾಲಿಕ್ಯುಲರ್‌ನಲ್ಲಿಯೂ ಇರುತ್ತವೆ, ಅತಿ ವೇಗದ ಬರ್ಕಿಟ್ ಲಿಂಫೋಮಾದಲ್ಲಿಯೂ ಇರುತ್ತವೆ, ದೊಡ್ಡ ಕೋಶದ ಕೆಲವು ಲಿಂಫೋಮಾಗಳಲ್ಲಿಯೂ ಇರುತ್ತವೆ. ದೊಡ್ಡ ಕೋಶಗಳು ಯಂತ್ರಕ್ಕೆ ಹೋಗುವ ಮುನ್ನವೇ ಒಡೆದು ಲೆಕ್ಕ ತಪ್ಪುವುದೂ ಉಂಟು. ಗ್ರೇಡ್ ಹೇಳಬೇಕಾದರೆ ಸ್ಲೈಡಿನಲ್ಲಿ ಸೆಂಟ್ರೋಬ್ಲಾಸ್ಟ್ ಎಂಬ ದೊಡ್ಡ ಕೋಶಗಳನ್ನು ಕಣ್ಣಿನಿಂದ ಎಣಿಸಬೇಕು. ಗ್ರೇಡ್ 1-2 ಆದರೆ ಕಾಯಬಹುದು, 3ಬಿ ಆದರೆ ಅದನ್ನು ವೇಗದ ಲಿಂಫೋಮಾದಂತೆಯೇ ನೋಡಬೇಕು. ಈ ಗೆರೆಯ ಬಳಿ ಅನುಭವಿಗಳಲ್ಲೂ ಅಭಿಪ್ರಾಯಭೇದ ಬರುತ್ತದೆ.

ನನ್ನ ಬಳಿಗೆ ಬಂದ ಒಬ್ಬರ ಕುತ್ತಿಗೆಯ ಗಂಟಿಗೆ ಬೇರೊಂದು ಕಡೆ ಸೂಜಿ ಪರೀಕ್ಷೆಯ ಆಧಾರದಲ್ಲೇ ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟಿದ್ದರು. ಗಂಟನ್ನು ಇಡಿಯಾಗಿ ತೆಗೆದಾಗ ಅದು ಲಿಂಫೋಮಾ ಆಗಿತ್ತು. ನಮ್ಮ ದೇಶದಲ್ಲಿ ಕ್ಷಯ ಅಷ್ಟು ಸಾಮಾನ್ಯವಾದ್ದರಿಂದ ಈ ತಪ್ಪು ಮತ್ತೆ ಮತ್ತೆ ಆಗುತ್ತದೆ. ನಿಮ್ಮಲ್ಲಿ ಇಡೀ ಗಂಟನ್ನು ತೆಗೆದಿರುವುದೇ ನಿಮ್ಮ ವೈದ್ಯರ ಜಾಗರೂಕತೆಗೆ ಸಾಕ್ಷಿ. ಅವರ ಎರಡು ಮೂರು ಪ್ರಬಂಧಗಳಿಗಿಂತ ನಾನು ಇದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಆದ್ದರಿಂದ ತಂದೆಯವರನ್ನು ಮನೆಯಲ್ಲಿ ಬಿಟ್ಟು ಸ್ಲೈಡುಗಳನ್ನು ಪ್ರಯಾಣ ಮಾಡಿಸಿ. ಲಿಂಫೋಮಾ ಸ್ಲೈಡುಗಳನ್ನು ದಿನವೂ ನೋಡುವ ರೋಗಶಾಸ್ತ್ರಜ್ಞರು ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಸ್ಮಾರಕ, ವೆಲ್ಲೂರಿನ ಸಿಎಂಸಿ ಇಂಥ ಕಡೆ ಇದ್ದಾರೆ. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಬಣ್ಣ ಹಾಕಿದ ಸ್ಲೈಡುಗಳನ್ನೂ ಗಂಟಿನ ತುಂಡನ್ನು ಹುದುಗಿಸಿದ ಮೇಣದ ಬ್ಲಾಕನ್ನೂ ಬರೆದುಕೊಟ್ಟು ಕೇಳಿ. ಎರಡನೆಯ ಅಭಿಪ್ರಾಯಕ್ಕೆಂದು ಕೇಳುವುದು ವಾಡಿಕೆಯೇ, ಯಾರೂ ತಪ್ಪು ತಿಳಿಯುವುದಿಲ್ಲ. ಬ್ಲಾಕು ಎರಡಿದ್ದರೆ ಒಂದನ್ನು ಅಲ್ಲೇ ಉಳಿಸಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಅದನ್ನು ಇಡಬೇಡಿ, ಆ ಮೇಣ ಅರವತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಇದಕ್ಕೆ ಆಗುವ ಖರ್ಚು ಅಮೆರಿಕದ ವಿಮಾನದ ಟಿಕೆಟ್ಟಿನ ಹತ್ತಿರಕ್ಕೂ ಬರುವುದಿಲ್ಲ.

ಮುಂದೆಂದಾದರೂ ಹೊಸ ಔಷಧಿಯ ಪರೀಕ್ಷೆಗೆ ಸೇರುವ ಮಾತು ಬಂದರೆ, 2007ರಿಂದ ನಡೆಯುತ್ತಿರುವ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದು ದಾಖಲಾಗಿದೆಯೇ ಎಂದು ನೋಡಿ. ಪರೀಕ್ಷೆಗೆ ಸೇರಿಸಲು ರೋಗಿಯಿಂದಲೇ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಕಾಯುವುದಕ್ಕೂ ಅಪಾಯವಿದೆ ಎಂಬುದನ್ನು ಮರೆಮಾಚಬಾರದು. ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಮೂರು ಮಂದಿಯಲ್ಲಿ ಈ ನಿಧಾನದ ಕಾಯಿಲೆ ವೇಗದ ಲಿಂಫೋಮಾ ಆಗಿ ಮಾರ್ಪಡುತ್ತದೆ. ಒಂದು ಗಂಟು ಮಾತ್ರ ವಾರಗಳಲ್ಲಿ ದಪ್ಪವಾದರೆ, ಕಾರಣವಿಲ್ಲದ ಜ್ವರ ಬಿಡದಿದ್ದರೆ, ರಾತ್ರಿ ಹಾಸಿಗೆ ಒದ್ದೆಯಾಗುವಂತೆ ಬೆವರಿದರೆ, ಆರು ತಿಂಗಳಲ್ಲಿ ತೂಕ ಹತ್ತನೇ ಒಂದು ಭಾಗದಷ್ಟು ಇಳಿದರೆ, ರಕ್ತಪರೀಕ್ಷೆಯಲ್ಲಿ ಎಲ್‌ಡಿಎಚ್ ಎಂಬ ಕಿಣ್ವದ ಮಟ್ಟ ದಿಢೀರ್ ಏರಿದರೆ ಮೂರು ತಿಂಗಳ ಗಡುವಿಗೆ ಕಾಯದೆ ಅಂದೇ ಹೋಗಬೇಕು; ಆಗ ಆ ಗಂಟಿನ ಬಯಾಪ್ಸಿಯನ್ನು ಹೊಸದಾಗಿ ಮಾಡಬೇಕು. ಏಳು ಸೆಂಟಿಮೀಟರ್ ಮೀರಿದ ಗಂಟು, ಇಳಿಯುತ್ತಿರುವ ರಕ್ತಕಣಗಳು, ಎದೆ ಅಥವಾ ಹೊಟ್ಟೆಯಲ್ಲಿ ತುಂಬಿದ ನೀರು, ಇವು ಚಿಕಿತ್ಸೆ ಆರಂಭಿಸುವ ಕಾಲ ಬಂತೆಂಬುದಕ್ಕೆ ಸಾಮಾನ್ಯವಾಗಿ ಬಳಸುವ ಗುರುತುಗಳು.

ಇನ್ನು ಮೊಮ್ಮಗಳ ವಿಚಾರ. ನಿಮ್ಮ ವೈದ್ಯರ ಮುಂದಿನ ತಪಾಸಣೆ ಮುಗಿದು ಎಲ್ಲ ಮೊದಲಿನಂತೆಯೇ ಇದ್ದರೆ ತಂದೆಯವರು ಕ್ಯಾಲಿಫೋರ್ನಿಯಾಕ್ಕೆ ಅಜ್ಜನಾಗಿ ಧಾರಾಳವಾಗಿ ಹೋಗಿಬರಲಿ. ಹೊರಡುವ ಮುನ್ನ ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ ಹಾಕಿಸಿ, ಬಯಾಪ್ಸಿ ವರದಿಯ ಪ್ರತಿ ಜೊತೆಗಿರಲಿ. ಪ್ರವಾಸ ವಿಮೆ ಸಾಮಾನ್ಯವಾಗಿ ಮೊದಲೇ ಇರುವ ಕಾಯಿಲೆಯ ಖರ್ಚು ಕೊಡುವುದಿಲ್ಲ, ಆ ಷರತ್ತನ್ನು ನಿಮ್ಮಣ್ಣ ಓದಿ ನೋಡಲಿ; ಪ್ರಬಂಧಗಳ ಪಟ್ಟಿಗಿಂತ ಅದು ಚಿಕ್ಕದೇ ಇರುತ್ತದೆ.